‘ಅಳಿಸಿ ಹಾಕಿ’ ಅಂದರೆ ಅಳಿಸುವುದೋ, ಹಾಕುವುದೋ?

ನಮಸ್ಕಾರ. ಟಿವಿಗೆ ಜೋಡಿಸಿದ ಕಂಪ್ಯೂಟರಿಗೆ ವಿಂಡೋಸ್ ಮತ್ತೆ ಹಾಕುವುದು ಹೇಗೆ ಅಂತ ನಮ್ಮ ಭಾವನವರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೆ. ಸಿನಿಮಾ, ಹಾಡು, ಮನೆಯವರ ವಿಡಿಯೋ ಎಲ್ಲ ಆ ಪೆಟ್ಟಿಗೆಯಲ್ಲೇ ಇವೆ. ಅದಕ್ಕೇ ಒಂದೊಂದೇ ಸಾಲು ಯೋಚಿಸಿ ಬರೆದಿದ್ದೆ. ಮೊದಲ ಸಾಲು, ‘ಸಿನಿಮಾ ಇರುವ ಎರಡನೇ ಡಿಸ್ಕಿನ ಕೇಬಲ್ ಕಳಚಿಡಿ.’ ಎರಡನೆಯದು, ‘ಪೆನ್‌ಡ್ರೈವಿನಿಂದ ಶುರು ಮಾಡಿ, ವಿಂಡೋಸ್ ಅಳಿಸಿ ಹಾಕಿ.’ ಮೂರನೆಯದು, ‘ಪೆನ್‌ಡ್ರೈವ್ ತೆಗೆದು ಟಿವಿಯಲ್ಲಿ ನೋಡಿ.’

ಸಂಜೆ ಫೋನ್ ಬಂತು. “ನೀನು ಬರೆದ ಹಾಗೇ ಮಾಡಿದೆನಪ್ಪಾ. ಡಿಸ್ಕಿನ ಭಾಗಗಳನ್ನ, ಅದೇ ಪಾರ್ಟಿಷನ್ ಎಲ್ಲ ಅಳಿಸಿಹಾಕಿದೆ, ಪೆನ್‌ಡ್ರೈವ್ ತೆಗೆದೆ. ಈಗ ನೋಡಿದರೆ ಕಂಪ್ಯೂಟರ್ ಶುರು ಆಗೋಕೆ ಡಿಸ್ಕೇ ಇಲ್ಲ ಅಂತ ಬರ್ತಿದೆ.”

ಅವರು ಓದಿದ್ದು ಸರಿಯಾಗಿಯೇ ಇದೆ. ನಾನು ಬರೆದಿದ್ದು ಎರಡು ಕೆಲಸ: ಮೊದಲು ಅಳಿಸಿ, ಆಮೇಲೆ ಹಾಕಿ. ಅವರು ಓದಿದ್ದು ಒಂದೇ ಕೆಲಸ. ಹರಿದುಹಾಕು, ಕಿತ್ತುಹಾಕು, ತೆಗೆದುಹಾಕು ಇದ್ದ ಹಾಗೆ ಅಳಿಸಿಹಾಕು. ಒಂಟಿಯಾಗಿ ನಿಂತಾಗ ‘ಹಾಕು’ ಅಂದರೆ ಒಳಗೆ ಇಡುವುದು. ಇನ್ನೊಂದು ಕ್ರಿಯಾಪದದ ಬಾಲವಾದಾಗ ಅದೇ ಪದ ‘ಪೂರ್ತಿ ಮುಗಿಸಿಬಿಡು’ ಅನ್ನುತ್ತದೆ, ಜಾಸ್ತಿ ಸಲ ಇಲ್ಲವಾಗಿಸುವ ಕಡೆಗೇ ವಾಲುತ್ತದೆ. ನಡುವೆ ಜಾಗ ಬಿಟ್ಟು ಬರೆದೆನಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹಾಗೂ ಇಲ್ಲ. ‘ತೆಗೆದು ಹಾಕಿ’ ಅಂತ ಬಿಡಿಸಿ ಬರೆದು ‘ತೆಗೆದುಹಾಕಿ’ ಎಂಬ ಅರ್ಥದಲ್ಲೇ ಬಳಸುವವರು ಎಷ್ಟೋ ಜನ. ಮಾತಿನಲ್ಲಂತೂ ಆ ಜಾಗ ಕೇಳಿಸುವುದೇ ಇಲ್ಲ.

‘ಹಳೆಯದನ್ನು ಅಳಿಸಿ ಹೊಸದನ್ನು ಹಾಕಿ’ ಅಂದಿದ್ದರೆ ಗೊಂದಲ ಇರುತ್ತಿರಲಿಲ್ಲ, ಅಲ್ವಾ? ಆದರೆ ಹಾಕಬೇಕಾದದ್ದು ಹೊಸದಲ್ಲ, ಅದೇ ವಿಂಡೋಸ್. ಹೊಸದು ಅಂದರೆ ಮುಂದಿನ ಆವೃತ್ತಿ ತರಬೇಕೇನೋ ಅಂದುಕೊಳ್ಳುತ್ತಾರೆ ಅಂತ ಆ ಮಾತು ಬಿಟ್ಟಿದ್ದೆ. ‘ಹೊಸದನ್ನು’ ಬೇರೆ, ‘ಹೊಸದಾಗಿ’ ಬೇರೆ.

ಹಾಗಾದರೆ ಯಾವ ಪದ ಬಳಸಲಿ? ‘ಫಾರ್ಮ್ಯಾಟ್ ಮಾಡಿಸಿದೆ’ ಎಂದು ಜನ ಇಡೀ ಕೆಲಸಕ್ಕೇ ಹೇಳುತ್ತಾರೆ. ನಿಜವಾಗಿ ಅದು ಡಿಸ್ಕನ್ನು ಖಾಲಿ ಮಾಡಿ ಅಣಿಗೊಳಿಸುವ ಹಂತ ಮಾತ್ರ. ಅಲ್ಲೂ ಅಳಿಸುವ ಮಾತೇ ಹಾಕುವ ಮಾತನ್ನು ನುಂಗಿದೆ. ವಿಂಡೋಸಿನ ಬದಲು ಬಳಸುವ ಲಿನಕ್ಸ್‌ನ ಕನ್ನಡ ಅನುವಾದಗಳಲ್ಲಿ ‘ಅನುಸ್ಥಾಪನೆ’ ಇದೆ. ಓದಿದರೆ ತಿಳಿಯುತ್ತದೆ, ಆದರೆ ಫೋನಿನಲ್ಲಿ ‘ಅನುಸ್ಥಾಪಿಸಿ ಭಾವ’ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

‘ಮರುಸ್ಥಾಪಿಸು’ ಚೆನ್ನಾಗಿಯೇ ಇದೆ. ಆದರೆ ಫೋನ್, ಕಂಪ್ಯೂಟರ್‌ಗಳ ಕನ್ನಡದಲ್ಲಿ ಅದನ್ನು ಬ್ಯಾಕಪ್‌ನಿಂದ ಹಳೆಯದನ್ನು ವಾಪಸ್ ತರುವುದಕ್ಕೆ ಬಳಸುತ್ತಾರೆ. ಈ ಕೆಲಸಕ್ಕೆ ಎರಡೂ ಬೇಕು. ನಾವು ಸಿನಿಮಾ ನೋಡುವುದು ಕೋಡಿ ಎಂಬ ಸಾಫ್ಟ್‌ವೇರಿನಲ್ಲಿ. ಯಾವ ಸಿನಿಮಾ ಎಲ್ಲಿಯವರೆಗೆ ನೋಡಿದ್ದೀವಿ ಎಂಬ ಲೆಕ್ಕ ಅದರ ‘ಯೂಸರ್‌ಡೇಟಾ’ ಫೋಲ್ಡರಿನಲ್ಲಿ ಇರುತ್ತದೆ. ವಿಂಡೋಸಿನ ಡಿಸ್ಕನ್ನು ಅಳಿಸಿದರೆ ಅದೂ ಹೋಗುತ್ತದೆ. ಅದಕ್ಕೇ ಮುಂಚೆಯೇ ನಕಲು ಮಾಡಿಟ್ಟಿದ್ದೆವು. ವಿಂಡೋಸ್ ಮತ್ತೆ ಹಾಕಬೇಕು, ಆ ಫೋಲ್ಡರನ್ನು ವಾಪಸ್ ತರಬೇಕು. ಎರಡಕ್ಕೂ ‘ಮರುಸ್ಥಾಪಿಸಿ’ ಅಂದರೆ ಚೀಟಿ ಓದುವವರು ಏನು ಮಾಡಬೇಕು?

ನನಗೆ ಹಿಡಿಸಿದ್ದು ‘ಕೂರಿಸು’. ಬಾಗಿಲಿಗೆ ಬೀಗ ಕೂರಿಸುತ್ತೇವೆ, ಪಂಪಿಗೆ ಮೋಟಾರು ಕೂರಿಸುತ್ತೇವೆ. ಸುಮ್ನೆ ಇಡುವುದಲ್ಲ, ಕೆಲಸ ಮಾಡುವ ಹಾಗೆ ಸರಿಯಾಗಿ ಸೇರಿಸುವುದು ಅನ್ನುವ ಭಾವ ಅದರಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ‘ಅಳಿಸಿ ಕೂರಿಸಿ’ ಅಂದರೆ ಯಾರೂ ಬರೀ ಅಳಿಸಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ‘ಅಳವಡಿಸು’ ಕೂಡ ಆಗುತ್ತದೆ. ಆದರೆ ಅದನ್ನು ನೀತಿ, ಪದ್ಧತಿಗಳಿಗೂ ಬಳಸಿ ಬಳಸಿ ಕೈಗೆ ಸಿಗುವ ವಸ್ತುವಿನ ಭಾರ ಹೋಗಿಬಿಟ್ಟಿದೆ.

ತಿದ್ದಿದ ಸಾಲು ಇದು: ‘ಮೊದಲನೇ ಡಿಸ್ಕಿನಲ್ಲಿ ಇರುವುದನ್ನು ಅಳಿಸಿ, ಅದೇ ವಿಂಡೋಸನ್ನು ಹೊಸದಾಗಿ ಕೂರಿಸಿ. ಆಮೇಲೆ ಕೋಡಿಯನ್ನೂ ಕೂರಿಸಿ, ಅದರ ಹಳೆಯ ಫೋಲ್ಡರನ್ನು ವಾಪಸ್ ತನ್ನಿ.’

ಸಾಫ್ಟ್‌ವೇರಿಗೆ ‘ಕೂರಿಸು’ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ‘ಹಾಕು’ ಬಾಲವಾದಾಗಲೂ ಒಳಗೆ ಇಡುವ ಅರ್ಥವೇ ಉಳಿದ ಪ್ರಯೋಗಗಳು ನಿಮ್ಮ ಮಾತಿನಲ್ಲಿ ಇದ್ದರೆ ಪೂರ್ತಿ ವಾಕ್ಯದ ಜೊತೆ ತಿಳಿಸಿ.