ತೂಕ ಇಳಿಸಿದರೆ ಸಿಪ್ಯಾಪ್ ಯಂತ್ರ ಬೇಕಾಗುವುದಿಲ್ಲವೇ?

ಪ್ರಶ್ನೆ, ದಾವಣಗೆರೆಯಿಂದ:
ನಮ್ಮ ಯಜಮಾನರಿಗೆ 47 ವರ್ಷ, ತೂಕ 98 ಕಿಲೊ. ಗೊರಕೆ ಮೊದಲಿನಿಂದಲೂ ಇತ್ತು. ಈಚೆಗೆ ಗೊರಕೆ ನಡುವೆಯೇ ನಿಂತುಬಿಡುತ್ತದೆ, ಉಸಿರೇ ಇರುವುದಿಲ್ಲ. ನಾನು ಗಾಬರಿಯಿಂದ ಭುಜ ಅಲುಗಾಡಿಸುವಷ್ಟರಲ್ಲಿ ಗಕ್ಕನೆ ಉಸಿರೆಳೆದುಕೊಳ್ಳುತ್ತಾರೆ. ರಾತ್ರಿ ಮೂತ್ರಕ್ಕೆ ಏಳುವುದು ಹೆಚ್ಚಾಗಿದೆ, ಬೆಳಿಗ್ಗೆ ತಲೆನೋವು, ಅಂಗಡಿಯ ಗಲ್ಲಾದ ಮುಂದೆ ಕುಳಿತಲ್ಲೇ ತೂಕಡಿಕೆ. ಬಟ್ಟೆ ತರಲು ಹುಬ್ಬಳ್ಳಿಗೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಾರೆ. ಅವರು ಮನೆಗೆ ಬರುವವರೆಗೂ ನನಗೆ ಜೀವದಲ್ಲಿ ಜೀವವಿರುವುದಿಲ್ಲ. ನಿದ್ರಾ ಪರೀಕ್ಷೆಯಲ್ಲಿ ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಎಂದು ಗೊತ್ತಾಯಿತು; ಎಎಚ್‌ಐ 42 ಬಂದಿದೆ, ವೈದ್ಯರು ಸಿಪ್ಯಾಪ್ (ಮಲಗುವಾಗ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲಿನ ದಾರಿ ತೆರೆದಿಡುವ ಯಂತ್ರ) ಬರೆದಿದ್ದಾರೆ. ಇವರು ಮಾತ್ರ ‘ತೂಕ ಇಳಿಸುತ್ತೇನೆ, ಯಂತ್ರ ಬೇಡ’ ಎಂದು ಹಟ ಹಿಡಿದಿದ್ದಾರೆ. ತೂಕ ಇಳಿದರೆ ಸಾಕೇ? ತಿಳಿದವರು ಹೇಳಿ.

ಉತ್ತರ, ಮೈಸೂರಿನಿಂದ:
ಅಕ್ಕಾ, ನಾನು ನಿದ್ರಾ ಪರೀಕ್ಷೆ ಮಾಡುವ ತಂತ್ರಜ್ಞೆ. ಚಿಕಿತ್ಸೆಯ ತೀರ್ಮಾನ ನಿಮ್ಮ ವೈದ್ಯರದೇ. ರಾತ್ರಿಯಿಡೀ ಪರದೆಯ ಮುಂದೆ ಕುಳಿತು ಕಾಣುವುದನ್ನು ನಾನು ಹೇಳಬಲ್ಲೆ.

ಎಎಚ್‌ಐ 42 ಎಂದರೆ ಗಂಟೆಗೆ ಸರಾಸರಿ 42 ಸಲ, ಪ್ರತಿ ಸಲವೂ ಕನಿಷ್ಠ 10 ಸೆಕೆಂಡು ಉಸಿರು ನಿಂತಿದೆ ಅಥವಾ ತೀರಾ ಕುಗ್ಗಿದೆ. 30 ದಾಟಿದರೆ ತೀವ್ರ ಎಂದು ಲೆಕ್ಕ. ಪರದೆಯಲ್ಲಿ ಮೂಗಿನ ಗಾಳಿಯ ಗೆರೆ ಚಪ್ಪಟೆಯಾಗುತ್ತದೆ. ಎದೆಗೆ ಕಟ್ಟಿದ ಪಟ್ಟಿಯೂ ಹೊಟ್ಟೆಯ ಪಟ್ಟಿಯೂ ಸುಮ್ಮನಿರುವುದಿಲ್ಲ. ಒಂದು ಏಳುವಾಗ ಇನ್ನೊಂದು ಇಳಿಯುತ್ತದೆ. ಗಂಟಲಿನ ದಾರಿ ಮುಚ್ಚಿದೆ, ದೇಹ ಗಾಳಿಗಾಗಿ ಹೆಣಗುತ್ತಿದೆ ಎಂದರ್ಥ. ರಕ್ತದ ಆಮ್ಲಜನಕ ಶೇ 95ರಿಂದ 88, 84, 79ಕ್ಕೆ ಜಾರುತ್ತದೆ. ಆಗ ಮಿದುಳು ಬೆಚ್ಚಿ ಎಚ್ಚರಗೊಳ್ಳುತ್ತದೆ, ಉಸಿರು ಬರುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಕೇಳಿದರೆ ‘ಚೆನ್ನಾಗಿ ಮಲಗಿದ್ದೆ’ ಎನ್ನುವವರೇ ಬಹಳ. ಅಂದ ಹಾಗೆ, ರಾತ್ರಿಯ ಮೂತ್ರಕ್ಕೂ ಇದೇ ಕಾರಣವಿರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಹೃದಯ ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ.

ತೂಕಕ್ಕೂ ಇದಕ್ಕೂ ನಂಟು ಖಂಡಿತ ಇದೆ. ಕೊಬ್ಬು ಕತ್ತಿನ ಸುತ್ತ ಮಾತ್ರವಲ್ಲ, ನಾಲಿಗೆಯ ಒಳಗೂ ಸೇರುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವರ್ಷಗಟ್ಟಲೆ ನಡೆದ ಅಧ್ಯಯನದ ಫಲಿತಾಂಶ 2000ದಲ್ಲಿ ಬಂತು: ತೂಕ ಶೇ 10 ಏರಿದರೆ ಎಎಚ್‌ಐ ಸುಮಾರು ಶೇ 32 ಏರುತ್ತದೆ, ಶೇ 10 ಇಳಿದರೆ ಸುಮಾರು ಶೇ 26 ಇಳಿಯುತ್ತದೆ. ಈ ಸರಾಸರಿಯನ್ನೇ ನಿಮ್ಮವರಿಗೆ ಹಚ್ಚಿ ನೋಡಿ. 98 ಕಿಲೊ 88 ಆದರೂ 42 ಬಂದು ನಿಲ್ಲುವುದು 31ರ ಹತ್ತಿರ. ಇನ್ನೂ ತೀವ್ರವೇ! ಮಧುಮೇಹಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಹಾರ-ವ್ಯಾಯಾಮದ ಗುಂಪು ವರ್ಷದಲ್ಲಿ ಸರಾಸರಿ 10.8 ಕಿಲೊ ಇಳಿಸಿತು; ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ಪೂರ್ತಿ ಹೋದದ್ದು ಶೇ 13.6 ಜನರಿಗೆ. ಹಾಗೆಂದು ತೂಕ ಇಳಿಸುವುದು ವ್ಯರ್ಥವೆಂದಲ್ಲ. ರಕ್ತದೊತ್ತಡಕ್ಕೆ, ಸಕ್ಕರೆಗೆ, ಮಂಡಿಗೆ, ಎಲ್ಲಕ್ಕೂ ಒಳ್ಳೆಯದು. ಆದರೆ ಅದಕ್ಕೆ ತಿಂಗಳುಗಳು ಬೇಕು. ಕಾರು ಓಡಿಸುವುದು ಈ ವಾರ. ದಯವಿಟ್ಟು ಯಂತ್ರವನ್ನು ಇಂದೇ ಶುರು ಮಾಡಿಸಿ, ಹಗಲಿನ ತೂಕಡಿಕೆ ನಿಲ್ಲುವವರೆಗೆ ಚಾಲಕರನ್ನು ಕರೆದುಕೊಂಡು ಹೋಗಲಿ.

ಉತ್ತರ, ಶಿವಮೊಗ್ಗದಿಂದ:
ಮೇಲಿನ ಸಹೋದರಿಯ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ಯಂತ್ರ ಹಾಕಿದ ಮೇಲೆಯೇ ನನಗೆ ಬೆಳಿಗ್ಗೆ ಎದ್ದು ನಡೆಯುವ ಶಕ್ತಿ ಬಂದದ್ದು. ಅದಕ್ಕೂ ಮೊದಲು ವಾಕಿಂಗ್ ಎಂದರೆ ಸಾಕಾಗಿ ಹೋಗುತ್ತಿತ್ತು. ಆದರೆ ಯಂತ್ರ ತಾನಾಗಿ ತೂಕ ಇಳಿಸುವುದಿಲ್ಲ. ರಾತ್ರಿಯ ಎರಡನೇ ಸಲದ ಅನ್ನವನ್ನು ನಾವೇ ಬಿಡಬೇಕು. ಮಾಸ್ಕ್ ಕೊಳ್ಳುವ ಮೊದಲು ಮಲಗಿಕೊಂಡೇ ಹಾಕಿ ನೋಡಲಿ. ಕುಳಿತಾಗ ಸರಿ ಕೂರುವುದು ಮಗ್ಗುಲಾದ ಕೂಡಲೇ ಮೀಸೆಯ ಬಳಿ ಗಾಳಿ ಬಿಡುತ್ತದೆ, ಅದು ಕಣ್ಣಿಗೆ ಹೊಡೆದು ನಿದ್ದೆಗೆಡುತ್ತದೆ. ಮೊದಮೊದಲು ಸಂಜೆ ಟಿವಿ ನೋಡುವಾಗ ಸ್ವಲ್ಪ ಹೊತ್ತು ಹಾಕಿಕೊಂಡರೆ ಅಭ್ಯಾಸವಾಗುತ್ತದೆ.

ದಾವಣಗೆರೆಯಿಂದ ಮತ್ತೆ:
ಇಬ್ಬರಿಗೂ ಧನ್ಯವಾದ. 31ರ ಲೆಕ್ಕವನ್ನು ಇವರಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ಬಾಡಿಗೆಗೆ ಯಂತ್ರ ಸಿಗುತ್ತದೆಯೇ ವಿಚಾರಿಸು ಎಂದರು. ಇನ್ನೊಂದು ಪ್ರಶ್ನೆ: ತೂಕ ಇಳಿಸುವ ಇಂಜೆಕ್ಷನ್ ಇದಕ್ಕೂ ಆಗುತ್ತದೆಯಂತೆ, ನಿಜವೇ?

ಮೈಸೂರಿನಿಂದ:
ಟಿರ್ಜೆಪಟೈಡ್ ಎಂಬ ಔಷಧ ಅದು. 2024ರ ಪ್ರಯೋಗದಲ್ಲಿ, ಯಂತ್ರ ಬಳಸದ ಬೊಜ್ಜಿನ ರೋಗಿಗಳಲ್ಲಿ ಎಎಚ್‌ಐ ವರ್ಷದಲ್ಲಿ ಸರಾಸರಿ 25ರಷ್ಟು ಇಳಿಯಿತು. ಅವರ ಆರಂಭದ ಸರಾಸರಿ 50ರ ಮೇಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕ ಈ ತೊಂದರೆಗೆಂದೇ ಅನುಮತಿ ಕೊಟ್ಟಿತು. ದುಬಾರಿ, ವಾಕರಿಕೆಯೂ ಇರುತ್ತದೆ, ವೈದ್ಯರ ಚೀಟಿಯಿಲ್ಲದೆ ಮುಟ್ಟಲೇಬೇಡಿ. ಹೇಗೆ ಇಳಿಸಿದರೂ ಸರಿ, ತೂಕ ಚೆನ್ನಾಗಿ ಇಳಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಯಂತ್ರದ ಒತ್ತಡ ತಗ್ಗಿಸಬೇಕೋ, ಬಿಡಬಹುದೋ ಆಗ ತಿಳಿಯುತ್ತದೆ. ಬಾಡಿಗೆ ಯಂತ್ರ ತರುವಾಗ ಮಾಸ್ಕ್ ಮತ್ತು ಕೊಳವೆ ಮಾತ್ರ ಹೊಸದೇ ಇರಲಿ, ಅಕ್ಕಾ.