ಪದ ಬೇಕು: ಮೀನಿನ ಮೈಯಲ್ಲಿ ವಿಷ ಕೂಡುವುದಕ್ಕೆ ಏನನ್ನೋಣ?

ಗೆಳೆಯರೇ,
ನಂಜನಗೂಡಿನ ಹತ್ತಿರ ಕಪಿಲೆ ದಂಡೆಯ ಮೀನುಗಾರರಿಗಾಗಿ ಒಂದು ಬೋರ್ಡ್ ಬರೆಯುತ್ತಿದ್ದೇನೆ. ನಾಡಿದ್ದು ಪ್ರಿಂಟಿಗೆ ಹೋಗಬೇಕು. ‘ಬಯೋಅಕ್ಯುಮುಲೇಷನ್’ಗೆ ‘ಜೈವಿಕ ಸಂಚಯನ’ ಅಂತ ಹಾಕಿದ್ದೆ. ಹಿರಿಯರೊಬ್ಬರು ಓದಿ, “ಜೈವಿಕ ಅಂದ್ರೆ ಒಳ್ಳೇದಲ್ವಾ, ಗೊಬ್ಬರದ ತರ?” ಅಂದರು. ಆಮೇಲೆ ಬುಟ್ಟಿಯಿಂದ ಒಂದು ಮೀನು ತೆಗೆದು, ಹೆಬ್ಬೆರಳಲ್ಲಿ ಕಿವಿರು ಎತ್ತಿ ತೋರಿಸಿದರು. ಕೆಂಪಗಿರಬೇಕಾದ್ದು ಬಿಳಿಚಿಕೊಂಡಿತ್ತು, ಮೇಲೆಲ್ಲ ಲೋಳೆ. ಇದು ಕಣ್ಣಿಗೆ ಕಾಣುತ್ತದೆ, ಹೇಳುವುದು ಸುಲಭ. ಕಾಣದೆ ಒಳಗೇ ಕೂಡುವುದಕ್ಕೆ ಒಂದು ಪದ ಕೊಡಿ.

—
> ಜೈವಿಕ ಸಂಚಯನ

ಬೇಡವೇ ಬೇಡ. ‘ನಂಜು’ ಇರುವಾಗ ಸಂಸ್ಕೃತ ಯಾಕೆ? ತಮಿಳಲ್ಲೂ ನಂಜು, ನಮ್ಮಲ್ಲೂ ನಂಜು. ನೀವು ಬೋರ್ಡ್ ನಿಲ್ಲಿಸುವ ಊರೇ ನಂಜುಂಡನದು. ಅವನು ಗಂಟಲಲ್ಲೇ ತಡೆದ. ಮೀನಿಗೆ ಅದಾಗುವುದಿಲ್ಲ. ಡಿಡಿಟಿಯಂಥ ಕೀಟನಾಶಕ ಕೊಬ್ಬಿಗೆ ಇಳಿಯುತ್ತದೆ, ಮೀಥೈಲ್ ಪಾದರಸ ಮಾಂಸಕ್ಕೆ. ‘ನಂಜೇರಿಕೆ’ ಅನ್ನಿ. ಮುಗೀತು.

—
> ಮುಗೀತು

ಎಲ್ಲಿ ಮುಗೀತು? ಗಾಯ ಕೀವಾದರೂ ನಂಜೇರಿತು ಅನ್ನುತ್ತೇವೆ. ಇಲ್ಲಿರುವುದು ಎರಡು ಸಂಗತಿ. ಒಂದೇ ಮೀನಿನಲ್ಲಿ ವರ್ಷಗಟ್ಟಲೆ ಕೂಡುವುದು ಒಂದು. ಸಣ್ಣ ಮೀನು ತಿಂದ ಬಾಳೆ ಮೀನಿನಲ್ಲಿ ಅದು ಇನ್ನೂ ಜಾಸ್ತಿಯಾಗುವುದು ಇನ್ನೊಂದು. 1965ರಲ್ಲಿ ಜಪಾನಿನ ಅಗಾನೋ ನದಿಯಲ್ಲಿ ಬಯಲಾದದ್ದು ಇದೇ. ಕಾರ್ಖಾನೆಯ ಪಾದರಸ ನೀರಿಗೆ ಸೇರಿತ್ತು, ಮೀನು ತಿಂದವರ ನರಗಳು ಕೆಟ್ಟವು. ಮೊದಲನೆಯದಕ್ಕೆ ‘ವಿಷ ಜಮೆ’ ಸಾಕು. ಅರಬ್ಬಿ ಮೂಲದ್ದು, ಆದರೆ ಪಾಸ್‌ಬುಕ್ ಇರುವ ಎಲ್ಲರಿಗೂ ಗೊತ್ತು.

—
ಜಮೆ ಅಂದರೆ ಲಾಭ. ವಿಷ ಲಾಭವಾ? ಸಂಸ್ಕೃತ ಬಿಟ್ಟು ಅರಬ್ಬಿಗೆ ಹೋಗುವುದಾದರೆ ಈ ಚರ್ಚೆಯೇ ದಂಡ.

—
ಪದ ಕಡ ತಂದರೆ ಭಾಷೆ ಮುಳುಗುವುದಿಲ್ಲ. ಸಂಸ್ಕೃತದ ‘ಮೀನ’ವೇ ದ್ರಾವಿಡದಿಂದ ಹೋದದ್ದು ಅಂತ ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪುತ್ತಾರೆ. ನಾವು ಕೊಟ್ಟಿದ್ದೇವೆ, ತಂದಿದ್ದೇವೆ. ಬೋರ್ಡ್ ಓದುವವರನ್ನು ನೋಡಿ, ನಿಘಂಟನ್ನಲ್ಲ. ಒಂದೇ ಪದಕ್ಕೆ ಯಾಕೆ ಹಟ? ವಾಕ್ಯ ಬರೆಯಿರಿ.

—
ಎಲ್ಲರಿಗೂ ವಂದನೆ. ‘ನಂಜು’ ಉಳಿಸಿಕೊಂಡೆ, ‘ಏರಿಕೆ’ ಬಿಟ್ಟೆ. ಬೋರ್ಡಿಗೆ ಹೋಗುವುದು ಇದು: “ಮೀನಿನ ಮೈಯಲ್ಲಿ ನಂಜು ಕೂಡುತ್ತದೆ. ಮೀನಿನಿಂದ ಮೀನಿಗೆ ಹೆಚ್ಚುತ್ತದೆ.” ಆ ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ದೊಡ್ಡ ಮೀನಲ್ಲೇ ಜಾಸ್ತಿ ಇರುತ್ತಾ?” ಅಂತ ಕೇಳಿದರು.