ರೇಸ್‌ನಿಂದ ಬಂದ ಕುದುರೆನ ಮತ್ತೆ ಫಿಟ್ ಮಾಡೋದು ಹೇಗೆ? ಅನುಭವ ಇರೋರು ಹೇಳಿ

ಆರು ವರ್ಷದ ಥರೋಬ್ರೆಡ್ (ರೇಸ್ ತಳಿ) ಗೆಲ್ಡಿಂಗ್, ಅಂದ್ರೆ ಬೀಜ ತೆಗೆಸಿದ ಗಂಡು ಕುದುರೆ, ರೇಸಿಂದ ರಿಟೈರ್ ಆಗಿ ಆರು ತಿಂಗಳು ಲಾಯದಲ್ಲೇ ನಿಂತಿತ್ತು. ವೆಟ್ ನೋಡಿ ಕೆಲಸ ಶುರು ಮಾಡ್ಬೋದು ಅಂದಿದಾರೆ. 40 ಕಿ.ಮೀ. ಎಂಡ್ಯೂರೆನ್ಸ್ ರೈಡ್ (ದೂರದ ಸವಾರಿ) ಮಾಡೋ ಆಸೆ. ಎರಡು ವಾರದಿಂದ ಟ್ರಾಟ್ (ನಡಿಗೆಗಿಂತ ಜೋರಾದ ಕುಲುಕು ಓಟ) ಮಾಡಿಸ್ತಿದೀನಿ, ಏದುಸಿರೇ ಇಲ್ಲ. ಕ್ಯಾಂಟರ್ (ಟ್ರಾಟ್‌ಗಿಂತ ಜೋರಾದ ಓಟ) ಶುರು ಮಾಡ್ಲಾ? ಕಾಲು ಕೆಡಬಾರ್ದು ಅಷ್ಟೆ.

— ಬೇಡಿ ಸರ್. ಏದುಸಿರು ಇಲ್ಲ ಅಂದ್ರೆ ಹಾರ್ಟು, ಶ್ವಾಸಕೋಶ ರೆಡಿ ಅಂತ ಅಷ್ಟೆ, ಅವು ಕೆಲವೇ ವಾರದಲ್ಲಿ ಸರಿಹೋಗ್ತವೆ, ಮಾಂಸಖಂಡಕ್ಕೆ ಎರಡು-ಮೂರು ತಿಂಗಳು ಬೇಕು, ಟೆಂಡನ್ನು (ಮಾಂಸಖಂಡನ ಮೂಳೆಗೆ ಕಟ್ಟೋ ನಾರು), ಲಿಗಮೆಂಟಿಗೆ (ಮೂಳೆಗೆ ಮೂಳೆ ಕಟ್ಟೋ ನಾರು) ಆರು ತಿಂಗಳಾದ್ರೂ ಹಿಡಿಯುತ್ತೆ, ಮೂಳೆ ಇನ್ನೂ ನಿಧಾನ. ಅದರಲ್ಲೂ ಮೂಳೆ ವಿಚಾರ ವಿಚಿತ್ರ, ಹೊಸ ಕೆಲಸಕ್ಕೆ ಹೊಂದ್ಕೊಳ್ಳೋಕೆ ದೇಹ ಮೊದ್ಲು ಹಳೇ ಮೂಳೆ ಸ್ವಲ್ಪ ಕರಗಿಸಿ ಆಮೇಲೆ ಹೊಸದು ಕಟ್ಟುತ್ತೆ, ಹಾಗಾಗಿ ಎರಡು-ಮೂರು ತಿಂಗಳ ಹೊತ್ತಿಗೆ ಕುದುರೆ ಕುಣಿತಾ ಇರುತ್ತೆ ಆದ್ರೆ ಒಳಗೆ ಮೂಳೆ ಇನ್ನೂ ಹಿಂದೆನೇ ಇರುತ್ತೆ. ರೇಸ್ ಕುದುರೆ ಓಡು ಅಂದ್ರೆ ಬೇಡ ಅನ್ನಲ್ಲ, ತಡಿಯೋದು ನಮ್ ಕೆಲಸ. ನಾಲ್ಕೈದು ವಾರ ಬರೀ ನಡಿಗೆ, 20 ನಿಮಿಷದಿಂದ ಒಂದು ಗಂಟೆವರೆಗೂ ಏರಿಸಿ. ಆಮೇಲೆ ಮಧ್ಯೆ ಮಧ್ಯೆ ಎರಡೆರಡು ನಿಮಿಷ ಟ್ರಾಟ್. ದೂರ, ಸ್ಪೀಡು, ಏರುದಾರಿ, ಮೂರರಲ್ಲಿ ಒಂದ್ಸಲಕ್ಕೆ ಒಂದನ್ನ ಮಾತ್ರ ಜಾಸ್ತಿ ಮಾಡಿ.

— ಮೇಲಿನವರು ಹೇಳಿದ್ದು ಸರಿನೇ, ಆದ್ರೆ ವರ್ಷಗಟ್ಲೆ ಬರೀ ವಾಕು ಟ್ರಾಟು ಮಾಡಿದ್ರೆ ಮೂಳೆ ಗಟ್ಟಿ ಆಗಲ್ಲ. ಬುನಾದಿ ಬಿದ್ಮೇಲೆ ವಾರಕ್ಕೊಂದು ಸಲ ನೇರ ದಾರೀಲಿ ಚಿಕ್ಕದಾಗಿ ಸ್ಪೀಡ್ ಕೊಡಿ. ಮತ್ತೆ 23 ಗಂಟೆ ಲಾಯದಲ್ಲಿ ಕಟ್ಟಬೇಡಿ, ದಿನಾ ಪ್ಯಾಡಾಕ್‌ಗೆ (ಬೇಲಿ ಹಾಕಿದ ಬಯಲಿಗೆ) ಬಿಡಿ.

— ನಮ್ ಸೈಸ್ (ಕುದುರೆ ನೋಡ್ಕೊಳ್ಳೋ) ಅಣ್ಣ ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಮುಂಗಾಲಿನ ಹಿಂದೆ, ಮಂಡಿಯಿಂದ ಕೆಳಕ್ಕೆ ಬೆರಳು ಒತ್ತಿ ನೋಡ್ತಾನೆ, ಎರಡೂ ಕಾಲು ಹೋಲಿಸಿ. ಒಂದೇ ಕಾಲು ಬಿಸಿ, ಇಲ್ಲಾ ಒತ್ತಿದ್ರೆ ಎಳ್ಕೊಂಡ್ರೆ, ಕುಂಟದೇ ಇದ್ರೂ ಅವತ್ತು ರಜೆ, ತಣ್ಣೀರು ಹಿಡಿದು ವೆಟ್‌ಗೆ ಫೋನು. ರಾತ್ರಿ ನಿಂತು ಎರಡೂ ಹಿಂಗಾಲು ಊದಿ, ನಡೆಸಿದ ಮೇಲೆ ಇಳಿದ್ರೆ ಅದಕ್ಕೆ ಗಾಬರಿ ಬೇಡ.

— ಗೊರಸು ನೋಡಿದೀರಾ? ಟ್ರ್ಯಾಕಿಂದ ಬಂದವಕ್ಕೆ ಸಾಮಾನ್ಯವಾಗಿ ಮುಂತುದಿ ಉದ್ದ, ಹಿಮ್ಮಡಿ ತಗ್ಗು, ಆ ಎಳೆತ ಎಲ್ಲಾ ಹಿಂದಿನ ಟೆಂಡನ್ ಮೇಲೆ. ಲಾಳ ಹೊಡೆಯೋರಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಬರೋಕೆ ಹೇಳಿ, ಒಂದೇ ಸಲ ಪೂರ್ತಿ ಕತ್ತರಿಸಬೇಡಿ. ನೆಲ: ಬೇಸಿಗೇಲಿ ಕೆಮ್ಮಣ್ಣು ಸಿಮೆಂಟಾಗಿರುತ್ತೆ, ಕಾಲು ಹೂತುಹೋಗೋ ಆಳದ ಮರಳು ಟೆಂಡನ್‌ಗೆ ಇನ್ನೂ ಕೆಟ್ಟದ್ದು. ಟಾರ್ ರೋಡಲ್ಲಿ ನಡಿಗೆ ಪರ್ವಾಗಿಲ್ಲ.

ಕೇಳಿದವರು: ಥ್ಯಾಂಕ್ಸ್, ಹಾಗಾದ್ರೆ ನಡಿಗೆಗೇ ವಾಪಸ್. ಈಗ ಬೇಯಿಸಿದ ಹುರುಳಿ, ಓಟ್ಸ್, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಕೊಡ್ತಿದೀನಿ, ಬದಲಾಯಿಸ್ಬೇಕಾ?

— ಕೆಲಸ ಕಡಿಮೆ ಇರೋವಾಗ ಹುರುಳಿ, ಓಟ್ಸ್ ಇಳಿಸಿ, ಒಣಹುಲ್ಲು ಜಾಸ್ತಿ ಮಾಡಿ. ರಜೆ ದಿನಾನೂ ಪೂರ್ತಿ ಕಾಳು ತಿಂದು ಮಾರನೇ ದಿನ ಕೆಲಸಕ್ಕೆ ಹೋದ್ರೆ ಸೊಂಟದ ಮಾಂಸಖಂಡ ಸೆಟೆದು ನಿಂತಲ್ಲೇ ನಿಲ್ಲೋ ಕುದುರೆಗಳಿವೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತೆ, ಆಗ ಒಂದು ಹೆಜ್ಜೆನೂ ನಡೆಸ್ಬೇಡಿ. ಬೆವರಿದ ದಿನ ಉಪ್ಪು ಮರೀಬೇಡಿ. ಒಂದು ಸ್ಟೆತಸ್ಕೋಪ್ ತಗೊಳಿ, ಸುಮ್ನೆ ನಿಂತಾಗ ನಿಮಿಷಕ್ಕೆ 28–44 ಬಡಿತ ಇರುತ್ತೆ, ಕೆಲಸ ಮುಗಿದು ಹತ್ತು-ಹದಿನೈದು ನಿಮಿಷಕ್ಕೆ 64ಕ್ಕಿಂತ ಕೆಳಗೆ ಇಳೀಲಿಲ್ಲ ಅಂದ್ರೆ ಅವತ್ತಿನ ಕೆಲಸ ಜಾಸ್ತಿ ಆಯ್ತು ಅಂತ.